ಮಕ್ಕಳಿಗೆ ಸ್ನಾರ್ಕೆಲಿಂಗ್: ಹಾಸನದ ಬಚ್ಚಲುಮನೆಯಿಂದ ಹವಳದ ಕಡಲಿನ ತನಕ

“ಅಂಡಮಾನ್‌ಗೆ ಟಿಕೆಟ್ ಆಗಿದೆ. ಮಗೂಗೆ ಐದು ವರ್ಷ. ಸ್ನಾರ್ಕೆಲಿಂಗ್ ಮಾಡಿಸಬಹುದಾ?” ಹಾಸನದ ನಮ್ಮ ಬೀದಿಯಲ್ಲೇ ಈ ವರ್ಷ ಮೂರು ಮನೆಯವರು ನನ್ನನ್ನು ಹೀಗೆ ಕೇಳಿದರು. ಮಾಡಿಸಬಹುದು. ಆದರೆ ಕಲಿಸುವ ಕೆಲಸ ಅಂಡಮಾನ್‌ನಲ್ಲಿ ಶುರುವಾಗಬಾರದು. ಹೊರಡುವುದಕ್ಕೆ ಎರಡು ತಿಂಗಳು ಮುಂಚೆ, ನಿಮ್ಮ ಮನೆಯ ಬಚ್ಚಲಿನಲ್ಲಿ ಶುರುವಾಗಬೇಕು.

ಇದನ್ನು ನಾನು ಕಲಿತದ್ದು ನನ್ನ ಮಗಳ ಅಳುವಿನಿಂದ. ಆಗ ಅವಳಿಗೆ ಆರು ವರ್ಷ. ನಾವು ಹೋದ ಜಾಗದಲ್ಲಿ ಸಾಲಾಗಿ ಮಾಸ್ಕ್ ನೇತುಹಾಕಿದ್ದರು. ಒಬ್ಬರು ದೊಡ್ಡವರ ಮಾಸ್ಕನ್ನೇ ತೆಗೆದು ಅವಳ ಮುಖಕ್ಕೆ ಹಾಕಿ, ಹಿಂದಿನ ಪಟ್ಟಿಯನ್ನು ಬಿಗಿಯಾಗಿ ಎಳೆದರು. ಲೈಫ್ ಜಾಕೆಟ್ಟಿನ ಕೊರಳು ಹಿಡಿದು ನೀರಿಗೆ ಕರೆದುಕೊಂಡು ಹೋದರು. ನಾನು ದಡದಲ್ಲಿ ನಿಂತು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದೆ. ಮಾಸ್ಕಿನೊಳಗೆ ಉಪ್ಪುನೀರು ನುಗ್ಗಿ ಮೂಗಿಗೆ ಏರಿತ್ತು. ಅವಳು “ಸಾಕು, ಸಾಕು” ಅನ್ನುತ್ತಿದ್ದಳಂತೆ. ಕೊಳವೆ ಬಾಯಲ್ಲಿದ್ದದ್ದರಿಂದ ನಮಗೆ ಕೇಳಿಸಿದ್ದು ಬರೀ “ಊ, ಊ”. ಖುಷಿಗೆ ಕೂಗುತ್ತಿದ್ದಾಳೆ ಅಂದುಕೊಂಡೆವು. ಅದಾಗಿ ಒಂದು ವರ್ಷ ತಲೆಗೆ ನೀರು ಹಾಕಿಸಿಕೊಳ್ಳಲೂ ಹೆದರುತ್ತಿದ್ದಳು.

ಈಗ ಅವಳಿಗೆ ಹತ್ತು. ತಮ್ಮನ ಕೈ ಹಿಡಿದು ಮೀನು ತೋರಿಸುತ್ತಾಳೆ. ಮಧ್ಯದ ವರ್ಷಗಳಲ್ಲಿ ನಾವು ಏನೇನು ಮಾಡಿದೆವು ಅನ್ನುವುದನ್ನು ಕ್ರಮವಾಗಿ ಬರೆಯುತ್ತೇನೆ.

ಮೊದಲು ಒಂದು ಮಾತು ತಿಳಿದಿರಲಿ

ಸ್ನಾರ್ಕೆಲಿಂಗ್ ಅಂದರೆ ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ಹಾಕಿಕೊಂಡು, ಬಾಯಲ್ಲಿ ಒಂದು ಕೊಳವೆ ಕಚ್ಚಿಕೊಂಡು, ನೀರಿನ ಮೇಲೆ ಮಕಾಡೆ ತೇಲುತ್ತಾ ಕೆಳಗಿನ ಮೀನು, ಹವಳ ನೋಡುವುದು. ಆ ಕೊಳವೆಗೇ ಸ್ನಾರ್ಕೆಲ್ ಅಂತ ಹೆಸರು. ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಹೋಗುವ ಸ್ಕೂಬಾ ಬೇರೆ. ಅದಕ್ಕೆ ಸಾಮಾನ್ಯವಾಗಿ 10 ವರ್ಷ ತುಂಬಿರಬೇಕು.

ಇದರಲ್ಲಿ ಮುಖ್ಯ ಅಪಾಯ ಇರುವುದು ಆ ‘ಮಕಾಡೆ’ ಅನ್ನುವ ಪದದಲ್ಲೇ. ಈಜುಕೊಳದಲ್ಲಿ ಒಂದು ಮಗು ಮಕಾಡೆ ಅಲುಗಾಡದೆ ತೇಲುತ್ತಿದ್ದರೆ ನಾವು ಕಿರುಚಿಕೊಂಡು ಓಡುತ್ತೇವೆ. ಇಲ್ಲಿ ಮೀನು ನೋಡುತ್ತಿರುವ ಮಗುವೂ ಹಾಗೇ ಕಾಣುತ್ತದೆ, ತೊಂದರೆಯಲ್ಲಿರುವ ಮಗುವೂ ಹಾಗೇ ಕಾಣುತ್ತದೆ. ಮುಳುಗುವವರು ಕೈ ಬೀಸಿ ಕೂಗುತ್ತಾರೆ ಅನ್ನುವುದು ಸಿನಿಮಾದಲ್ಲಿ ಮಾತ್ರ. ನಿಜವಾಗಿ ಮುಳುಗುವ ಮಗು ಸದ್ದು ಮಾಡುವುದಿಲ್ಲ. ಆದ್ದರಿಂದ ದಡದಲ್ಲಿ ಕೂತು “ನೋಡ್ತಾ ಇದೀನಲ್ಲ” ಅನ್ನುವುದು ಇಲ್ಲಿ ನಡೆಯುವುದಿಲ್ಲ. ಮಗುವಿನ ಕೈ ನಿಮ್ಮ ಕೈಯಲ್ಲಿ ಇರಬೇಕು. ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಯಾವ ವಯಸ್ಸಿಗೆ ಎಷ್ಟು

ಐದಕ್ಕಿಂತ ಚಿಕ್ಕವರಿಗೆ ಮಾಸ್ಕ್ ಸಾಕು, ಕೊಳವೆ ಬೇಡ. ಮೊಣಕಾಲುದ್ದ ನೀರಿನಲ್ಲಿ ನಿಮ್ಮ ತೊಡೆ ಮೇಲೆ ಕೂತು ಮುಖ ಅದ್ದಿ ನೋಡಲಿ. ಐದರಿಂದ ಏಳರ ತನಕ ನಿಮ್ಮ ಕಾಲು ನೆಲಕ್ಕೆ ಸಿಗುವಷ್ಟು ನೀರಿನಲ್ಲಿ, ಕೈ ಹಿಡಿದುಕೊಂಡು, ಹತ್ತು ಹದಿನೈದು ನಿಮಿಷ. ಎಂಟು ದಾಟಿ, ಈಜುಕೊಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಗಾಬರಿಯಿಲ್ಲದೆ ಈಜುವ ಮಗುವಾದರೆ ಸ್ವಲ್ಪ ಆಳದ ಹವಳದ ಅಂಚಿಗೂ ಕರೆದುಕೊಂಡು ಹೋಗಬಹುದು. ಇದು ನನ್ನ ಲೆಕ್ಕ. ಏಳಕ್ಕೇ ಧೈರ್ಯವಾಗಿರುವ ಮಕ್ಕಳಿದ್ದಾರೆ, ಹನ್ನೊಂದಕ್ಕೂ ಬೇಡ ಅನ್ನುವವರಿದ್ದಾರೆ. ಬೇಡ ಅಂದರೆ ಬೇಡ.

ಉಬ್ಬಸ, ಮೂರ್ಛೆ ರೋಗ, ಕಿವಿ ಸೋರುವ ತೊಂದರೆ ಇದ್ದರೆ ಮಕ್ಕಳ ಡಾಕ್ಟರನ್ನು ಕೇಳದೆ ಟಿಕೆಟ್ ಮಾಡಬೇಡಿ. ಹೋದ ದಿನ ನೆಗಡಿ ಇದ್ದರೆ ಅವತ್ತು ನೀರಿಗೆ ಇಳಿಸಬೇಡಿ.

ಎಲ್ಲಿಗೆ ಹೋಗಬೇಕು

ಹಾಸನ, ಚಿಕ್ಕಮಗಳೂರಿನವರ ಬಾಯಲ್ಲಿ ಮೊದಲು ಬರುವ ಹೆಸರು ನೇತ್ರಾಣಿ. ಹತ್ತಿರ, ನಮ್ಮದೇ ರಾಜ್ಯ, ಮುರುಡೇಶ್ವರದ ದರ್ಶನವೂ ಆಗುತ್ತದೆ. ನಾವು ಶಿರಾಡಿ ಇಳಿದು ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳದ ಮೇಲೆ ಹೋಗುತ್ತೇವೆ. ಚಿಕ್ಕಮಗಳೂರಿನವರು ಚಾರ್ಮಾಡಿ ಇಳಿಯಬಹುದು. ಘಾಟಿಯ ತಿರುವು ಬೇಡ ಅನ್ನುವವರಿಗೆ ರೈಲಿದೆ, ಮುರುಡೇಶ್ವರದಲ್ಲೇ ನಿಲ್ದಾಣವಿದೆ. ಆದರೆ ನೇತ್ರಾಣಿ ಇರುವುದು ದಡದಿಂದ ಸುಮಾರು 19 ಕಿಲೋಮೀಟರ್ ದೂರ, ತೆರೆದ ಕಡಲಿನಲ್ಲಿ. ದೋಣಿಯಲ್ಲಿ ಒಂದು ಗಂಟೆಗೂ ಮೇಲೆ ಕುಲುಕಾಟ. ಅಲ್ಲಿ ಕಾಲೂರುವ ತೀರವಿಲ್ಲ, ದೋಣಿಯಿಂದ ನೇರ ಆಳದ ನೀರಿಗೆ ಇಳಿಯಬೇಕು. ದೊಡ್ಡವರಿಗೆ ತುಂಬ ಚೆನ್ನಾದ ಜಾಗ. ಹತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲಕ್ಕೆ ಖಂಡಿತ ಬೇಡ. ಹೋಗುವವರಿಗೂ ಕಾಲ ಅಕ್ಟೋಬರ್‌ನಿಂದ ಮೇ ತನಕ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ.

ಮುರುಡೇಶ್ವರದ ದಡದಲ್ಲಿ ಅಲೆಗೆ ಇಳಿದು ಅಭ್ಯಾಸ ಮಾಡಿಸೋಣ ಅಂತ ಯೋಚಿಸುವವರಿಗೂ ಒಂದು ಮಾತು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ಹೆಣ್ಣುಮಕ್ಕಳು ಅಲ್ಲೇ ನೀರುಪಾಲಾದರು. ನಮ್ಮ ಕರಾವಳಿಯ ಕಡಲು ದಡದಿಂದಲೇ ಎಳೆದುಕೊಳ್ಳುತ್ತದೆ. ಮರಳು ಕದಡಿ ನೀರೊಳಗೆ ಏನೂ ಕಾಣುವುದೂ ಇಲ್ಲ. ಅಲೆ ಒಡೆಯುವ ಜಾಗ ಸ್ನಾರ್ಕೆಲಿಂಗಿನ ಜಾಗವಲ್ಲ.

ಚಿಕ್ಕ ಮಕ್ಕಳಿಗೆ ನನ್ನ ಮೊದಲ ಆಯ್ಕೆ ಲಕ್ಷದ್ವೀಪ. ಅಲ್ಲಿ ದ್ವೀಪದ ಸುತ್ತ ಹವಳದ ದಿಬ್ಬವೇ ಗೋಡೆಯ ಹಾಗೆ ನಿಂತಿದೆ. ದೊಡ್ಡ ಅಲೆ ಆ ಗೋಡೆಗೆ ಬಡಿದು ಹೊರಗೇ ಒಡೆಯುತ್ತದೆ. ಒಳಗಿನ ನೀರು ನಮ್ಮ ಕೆರೆಯ ಹಾಗೆ ಶಾಂತ, ತಿಳಿ. ಅದನ್ನು ಲಗೂನ್ ಅನ್ನುತ್ತಾರೆ. ಹೋಗುವುದಕ್ಕೆ ಮುಂಚೆಯೇ ಅನುಮತಿ ಪತ್ರ ಮಾಡಿಸಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ. ವಿಮಾನ ಇಳಿಯುವುದು ಅಗತ್ತಿ ದ್ವೀಪದಲ್ಲಿ.

ಎರಡನೆಯದು ಅಂಡಮಾನ್. ಹ್ಯಾವ್‌ಲಾಕ್ ದ್ವೀಪಕ್ಕೆ 2018ರಿಂದ ಸ್ವರಾಜ್ ದ್ವೀಪ ಅಂತ ಹೆಸರು. ಅಲ್ಲಿನ ಎಲಿಫೆಂಟ್ ಬೀಚ್‌ನಲ್ಲಿ ದಡದ ಹತ್ತಿರದಲ್ಲೇ, ಕಡಿಮೆ ನೀರಿನಲ್ಲೇ ಹವಳ ಮತ್ತು ಮೀನು ಸಿಗುತ್ತವೆ. ಜನ ಜಾಸ್ತಿ, ಆದ್ದರಿಂದ ಬೆಳಗಿನ ಮೊದಲ ದೋಣಿ ಹಿಡಿಯಿರಿ. ಅಲ್ಲಿ ನಮ್ಮೂರಿಗಿಂತ ಸುಮಾರು ಒಂದು ಗಂಟೆ ಮುಂಚೆ ಬೆಳಕಾಗುತ್ತದೆ, ಮಕ್ಕಳನ್ನು ಬೇಗ ಎಬ್ಬಿಸುವುದು ಕಷ್ಟವಾಗುವುದಿಲ್ಲ. ಅಂಡಮಾನ್‌ನ ಕೆಲವು ಕಡೆ ಉಪ್ಪುನೀರಿನ ಮೊಸಳೆಗಳೂ ಇವೆ. ಬೇಲಿ, ಬಲೆ, ಎಚ್ಚರಿಕೆ ಫಲಕ ಇರುವಲ್ಲಿ ಅದರ ಆಚೆ ಒಂದು ಹೆಜ್ಜೆಯೂ ಇಡಬೇಡಿ.

ರಜೆಯ ಲೆಕ್ಕಕ್ಕೆ ಬಂದರೆ, ದಸರಾ ರಜೆಯಲ್ಲಿ ಅಂಡಮಾನ್ ಕಡೆ ಇನ್ನೂ ಮಳೆ ಇರಬಹುದು. ಕ್ರಿಸ್‌ಮಸ್ ಹೊತ್ತು ಮತ್ತು ಏಪ್ರಿಲ್ ಒಳ್ಳೆಯದು. ಮೇ ಅರ್ಧ ದಾಟಿದರೆ ಎರಡೂ ಕಡೆ ಕಡಲು ಕೆಡಲು ಶುರು.

ಮಾಸ್ಕ್: ದುಡ್ಡು ಹಾಕಬೇಕಾದ್ದು ಇಲ್ಲಿ

ಹೋಟೆಲಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ಮಗುವಿಗೆ ಅದರದೇ ಅಳತೆಯ ಮಾಸ್ಕ್ ಮತ್ತು ಸ್ನಾರ್ಕೆಲ್ ಕೊಳ್ಳಿ. ಬಾಡಿಗೆಯದನ್ನು ನಂಬಬೇಡಿ. ಮುಖಕ್ಕೆ ತಾಗುವ ಅಂಚು ಮೆತ್ತನೆಯ ಸಿಲಿಕೋನಿನದಾಗಿರಲಿ, ಗಾಜು ಗಟ್ಟಿ ಗಾಜಾಗಿರಲಿ. ಪ್ಲಾಸ್ಟಿಕ್ಕಿನ ಆಟದ ಮಾಸ್ಕ್ ಬೇಡ.

ಸರಿಯಾಗಿ ಕೂರುತ್ತದೋ ಇಲ್ಲವೋ ನೋಡುವುದು ಹೀಗೆ. ಹಿಂದಿನ ಪಟ್ಟಿ ಹಾಕದೆ ಮಾಸ್ಕನ್ನು ಮಗುವಿನ ಮುಖಕ್ಕೆ ಮೆಲ್ಲಗೆ ಇಡಿ. ಮೂಗಿನಿಂದ ಉಸಿರು ಒಳಗೆ ಎಳೆದುಕೋ ಅನ್ನಿ. ನಿಮ್ಮ ಕೈ ಬಿಡಿ. ಮಗು ಉಸಿರು ಹಿಡಿದಷ್ಟು ಹೊತ್ತು ಮಾಸ್ಕ್ ಬೀಳದೆ ಮುಖಕ್ಕೆ ಅಂಟಿಕೊಂಡಿದ್ದರೆ ಅದು ಆ ಮುಖದ ಮಾಸ್ಕ್. ಜಾರಿ ಬಿದ್ದರೆ, ಎಷ್ಟು ಚೆಂದದ ಬಣ್ಣವಿದ್ದರೂ ವಾಪಸ್ ಕೊಡಿ. ನನ್ನ ಮಗನಿಗೆ ನಾಲ್ಕನೆಯದು ಕೂತಿತು. ಅವನದು ಅಗಲ ಹಣೆ, ಸಣ್ಣ ಮೂಗು.

ನೀರು ಒಳಗೆ ಬಂದರೆ ಪಟ್ಟಿ ಬಿಗಿ ಮಾಡುವುದು ಎಲ್ಲರೂ ಮಾಡುವ ತಪ್ಪು. ಬಿಗಿ ಮಾಡಿದಷ್ಟೂ ಅಂಚು ಮಡಚಿಕೊಂಡು ನೀರು ಜಾಸ್ತಿ ಬರುತ್ತದೆ. ಪಟ್ಟಿ ಸಡಿಲವಾಗಿ, ತಲೆಯ ಹಿಂದೆ ಸ್ವಲ್ಪ ಮೇಲಕ್ಕೆ ಕೂರಬೇಕು. ಸಾಮಾನ್ಯವಾಗಿ ತೊಂದರೆ ಇರುವುದು ಕೂದಲಿನಲ್ಲಿ. ಒಂದೇ ಒಂದು ಎಳೆ ಕೂದಲು ಅಂಚಿನ ಕೆಳಗೆ ಸಿಕ್ಕಿಕೊಂಡರೂ ಅದರ ಗುಂಟ ನೀರು ಇಳಿಯುತ್ತದೆ. ಹಣೆಯ ಮೇಲಿನ ಕುಚ್ಚು ಕೂದಲನ್ನೆಲ್ಲ ಹಿಂದಕ್ಕೆ ಬಾಚಿ ಬಿಗಿಯಾಗಿ ಜಡೆ ಹಾಕಿ. ಅವತ್ತು ತಲೆಗೆ ಎಣ್ಣೆ ಬೇಡ. ಎಣ್ಣೆ ಹಣೆಗೆ ಇಳಿದರೆ ಮಾಸ್ಕ್ ಜಾರುತ್ತದೆ. ಇನ್ನೊಂದು ಕಾರಣವನ್ನು ನಾನು ನೀರಲ್ಲೇ ಕಂಡುಕೊಂಡೆ: ಮೀನು ನೋಡಿದ ಖುಷಿಗೆ ಮಕ್ಕಳು ನಗುತ್ತಾರೆ. ನಕ್ಕಾಗ ಕೆನ್ನೆ ಮಡಚಿ ನೀರು ಒಳಗೆ ಬರುತ್ತದೆ. ಅದಕ್ಕೆ ಗಾಬರಿಯಾಗಬಾರದು ಅಂತ ಮೊದಲೇ ಹೇಳಿಡಿ. ನಿಂತುಕೊಂಡು, ತಲೆ ಎತ್ತಿ, ಮಾಸ್ಕಿನ ಕೆಳ ಅಂಚನ್ನು ಬೆರಳಿನಿಂದ ಸ್ವಲ್ಪ ಬಿಡಿಸಿದರೆ ನೀರು ಸುರಿದು ಹೋಗುತ್ತದೆ.

ಹೊಸ ಮಾಸ್ಕಿನ ಗಾಜಿನ ಒಳಮೈಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ತಯಾರಿಸುವಾಗ ಉಳಿದ ಪೊರೆ ಹೋಗುತ್ತದೆ, ಮಂಜು ಕಟ್ಟುವುದು ಕಡಿಮೆಯಾಗುತ್ತದೆ. ಆಮೇಲೆ ಪ್ರತಿ ಸಲ ಇಳಿಯುವ ಮುಂಚೆ ಒಂದು ಹನಿ ಬೇಬಿ ಶಾಂಪೂ ಸವರಿ, ಲೇಸಾಗಿ ತೊಳೆದರೆ ಸಾಕು. ಕನ್ನಡಕ ಹಾಕುವ ಮಗುವಾದರೆ, ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ. ಪವರ್ ಇರುವ ಗಾಜಿನ ಮಾಸ್ಕ್ ಸಿಗುತ್ತದೆ, ಕೇಳಿ ತರಿಸಿ.

ಕೊಳವೆಯೂ ಮಕ್ಕಳದೇ ಆಗಿರಬೇಕು. ಯಾಕೆ ಗೊತ್ತಾ? ನಾವು ಬಿಟ್ಟ ಉಸಿರು ಸ್ವಲ್ಪ ಕೊಳವೆಯೊಳಗೇ ಉಳಿಯುತ್ತದೆ. ಮುಂದಿನ ಉಸಿರಿನಲ್ಲಿ ಅದೇ ಕೆಟ್ಟ ಗಾಳಿ ಮೊದಲು ಒಳಗೆ ಹೋಗುತ್ತದೆ. ಮಗುವಿನ ಉಸಿರು ಚಿಕ್ಕದು. ದೊಡ್ಡವರ ಅಗಲದ, ಉದ್ದದ ಕೊಳವೆಯಲ್ಲಿ ಅದಕ್ಕೆ ಹೊಸ ಗಾಳಿ ಸಿಗುವುದೇ ಕಡಿಮೆ. ಬೇಗ ಸುಸ್ತಾಗುತ್ತದೆ, ತಲೆ ನೋಯುತ್ತದೆ. ಇದೇ ಕಾರಣಕ್ಕೆ ಇಡೀ ಮುಖ ಮುಚ್ಚುವ ಮಾಸ್ಕನ್ನು ಚಿಕ್ಕ ಮಕ್ಕಳಿಗೆ ನಾನು ಒಪ್ಪುವುದಿಲ್ಲ. ಮೂಗಿನಲ್ಲೇ ಉಸಿರಾಡಬಹುದು, ಸುಲಭ ಅನ್ನಿಸುತ್ತದೆ, ನಿಜ. ಆದರೆ ಬಿಟ್ಟ ಗಾಳಿ ಒಳಗೇ ಸುತ್ತುವ ಭಯವಿದೆ, ಗಾಬರಿಯಾದಾಗ ಮಗು ತಾನಾಗಿ ಅದನ್ನು ಕಿತ್ತು ತೆಗೆಯುವುದೂ ಕಷ್ಟ.

ಲೈಫ್ ಜಾಕೆಟ್ ಮಗುವಿನ ತೂಕಕ್ಕೆ ತಕ್ಕದ್ದಿರಲಿ. ತೊಡೆ ಸಂದಿಯಿಂದ ಬರುವ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ನೀರಿನಲ್ಲಿ ಜಾಕೆಟ್ ಮೇಲೆ ಹೋಗುತ್ತದೆ, ಮಗು ಕೆಳಗೆ ಜಾರುತ್ತದೆ. ಗಾಳಿ ತುಂಬಿದ ಟ್ಯೂಬು, ತೋಳಿಗೆ ಹಾಕುವ ಬಲೂನು ಆಟಕ್ಕೆ ಮಾತ್ರ. ಕಾಲಿಗೆ ಹಾಕುವ ರೆಕ್ಕೆ ಚಿಕ್ಕವರಿಗೆ ಅಗತ್ಯವಿಲ್ಲ.

ಬಚ್ಚಲಿನ ಪಾಠ

ಮೊದಲ ವಾರ ನೀರೇ ಬೇಡ. ಸಂಜೆ ಟಿವಿ ನೋಡುವಾಗ ಹತ್ತು ನಿಮಿಷ ಮಾಸ್ಕ್ ಹಾಕಿಕೊಂಡು ಕೂರಲಿ. ಮೂಗು ಮುಚ್ಚಿದೆ, ಬಾಯಲ್ಲಿ ಉಸಿರಾಡಬೇಕು ಅನ್ನುವುದು ಮೈಗೆ ಒಗ್ಗಬೇಕು. ಮಕ್ಕಳಿಗೆ ಕಷ್ಟವಾಗುವುದು ಇದೇ. ನಾಲ್ಕನೇ ದಿನ ಕೊಳವೆಯನ್ನೂ ಕೊಡಿ. ತುಟಿಯಿಂದ ಮುಚ್ಚಿ, ಹಲ್ಲಿನಿಂದ ಮೆಲ್ಲಗೆ ಕಚ್ಚಿ ಹಿಡಿಯಬೇಕು. ಹಲ್ಲು ಅಲ್ಲಾಡುತ್ತಿದ್ದರೆ ಕಚ್ಚುವುದಕ್ಕೆ ನೋವಾಗುತ್ತದೆ, ಬಿದ್ದ ಮೇಲೆ ನೋಡೋಣ ಅನ್ನಿ.

ಎರಡನೇ ವಾರ ಬಚ್ಚಲಿಗೆ ಬನ್ನಿ. ದೊಡ್ಡ ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರು ತುಂಬಿ, ತಳದಲ್ಲಿ ಎರಡು ನಾಣ್ಯ, ಒಂದು ಬಳೆ ಹಾಕಿ. “ಏನೇನಿದೆ ನೋಡಿ ಹೇಳು ಕಂದ.” ಮಗು ಮಂಡಿಯೂರಿ ಮುಖ ಅದ್ದಿ, ಕೊಳವೆಯಲ್ಲಿ ಉಸಿರಾಡಲಿ. ಮೊದಲ ದಿನ ಐದು ಉಸಿರು. ನಮ್ಮ ಮಗ ಮನಸ್ಸಿನಲ್ಲೇ ಎರಡರ ಮಗ್ಗಿ ಹೇಳಿಕೊಳ್ಳುತ್ತಿದ್ದ. ಎರಡು ಹತ್ತಲೆ ಇಪ್ಪತ್ತು ಬರುವ ತನಕ ತಲೆ ಎತ್ತದೆ ಇದ್ದ ದಿನ ಅಜ್ಜಿಯನ್ನು ಕರೆದು ತೋರಿಸಿದ. ನೀವು ಪಕ್ಕದಲ್ಲೇ ಕೂತಿರಬೇಕು, ಫೋನ್ ಬಂತು ಅಂತ ಎದ್ದು ಹೋಗಬೇಡಿ. ಮಗು ಮುಳುಗಲು ಟಬ್ಬಿನ ನೀರು ಸಾಕು.

ಕೊಳವೆಗೆ ನೀರು ಹೋದರೆ ಊದಿ ಹೊರಹಾಕುವುದನ್ನೂ ಇಲ್ಲೇ ಕಲಿಸಿ. ನಮ್ಮ ಅತ್ತೆ ಅದನ್ನು ಒಂದೇ ಮಾತಿನಲ್ಲಿ ಹೇಳಿಕೊಟ್ಟರು: “ಊದುಗೊಳವೇಲಿ ಒಲೆ ಊದ್ತೀವಲ್ಲ, ಹಂಗೆ. ಒಂದೇ ಸಲಕ್ಕೆ, ಜೋರಾಗಿ.” ನೀರು ಮೇಲಿಂದ ಚಿಮ್ಮಿದ್ದು ನೋಡಿ ಇಬ್ಬರೂ ಮಕ್ಕಳು ಬಚ್ಚಲು ಬಿಟ್ಟು ಬರಲೇ ಇಲ್ಲ.

ಯಾರು ಎಷ್ಟು ಹೊತ್ತು ಉಸಿರು ಕಟ್ಟುತ್ತಾರೆ ಅನ್ನುವ ಪಂದ್ಯ ಮಾತ್ರ ಬೇಡ, ಮನೆಯಲ್ಲೂ ಬೇಡ, ಕೊಳದಲ್ಲೂ ಬೇಡ. ನೀರೊಳಗೇ ಎಚ್ಚರ ತಪ್ಪುವುದು ಹಾಗೆ.

ಈಜುಕೊಳದಲ್ಲಿ: ಮಕಾಡೆ, ಅಂಗಾತ

ಆಮೇಲಿನ ನಾಲ್ಕು ವಾರ ಈಜುಕೊಳ. ಮಗುವಿನ ಎದೆಮಟ್ಟದ ನೀರು ಸಾಕು. ತೋಟದ ಕೆರೆ, ಗೊರೂರಿನ ಹೇಮಾವತಿ ಹಿನ್ನೀರು, ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ, ಇವ್ಯಾವುದೂ ಅಭ್ಯಾಸದ ಜಾಗವಲ್ಲ. ಹಿನ್ನೀರಿನಲ್ಲಿ ತಳ ಕಾಣುವುದಿಲ್ಲ, ಕೆಸರು, ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ತಲೆ. ಕೃಷಿಹೊಂಡದ ಅಂಚು ಜಾರುತ್ತದೆ, ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ, ಯಾಕೆಂದರೆ “ಮನೆ ಹತ್ತಿರ ಕೆರೆ ಇದೆಯಲ್ಲ” ಅಂದವರನ್ನು ನಾನು ಕಂಡಿದ್ದೇನೆ.

ಕೊಳದಲ್ಲಿ ಕಲಿಸಬೇಕಾದ್ದು ಎರಡೇ. ಒಂದನೆಯದು ‘ಅಂಗಾತ’. ಮಗು ಮಕಾಡೆ ತೇಲುತ್ತಿರುವಾಗ ನೀವು ಅದರ ಭುಜ ತಟ್ಟಿದ ತಕ್ಷಣ ಅದು ಹೊರಳಿ ಅಂಗಾತ ಆಗಬೇಕು, ಕೊಳವೆಯನ್ನು ಉಗಿದು ಆಕಾಶ ನೋಡುತ್ತಾ ಉಸಿರಾಡಬೇಕು. ಜಾಕೆಟ್ ಹಾಕಿಸಿಯೇ ಮಾಡಿಸಿ. ಒಳ್ಳೆಯ ಲೈಫ್ ಜಾಕೆಟ್ ಮನುಷ್ಯನನ್ನು ತಾನಾಗೇ ಅಂಗಾತ ತಿರುಗಿಸಲು ನೋಡುತ್ತದೆ, ಅದರ ಕೆಲಸವೇ ಅದು. ಹಾಗಾಗಿ ಮಕಾಡೆ ಮಲಗುವುದು ಮೊದಲು ಕಷ್ಟ ಅನ್ನಿಸುತ್ತದೆ. ನಿಮ್ಮ ಒಂದು ಕೈಯನ್ನು ಮಗುವಿನ ಹೊಟ್ಟೆ ಕೆಳಗೆ ಕೊಟ್ಟು ಹಿಡಿಯಿರಿ. ದಿನಕ್ಕೆ ಹತ್ತು ಸಲ ಮಕಾಡೆ, ಅಂಗಾತ, ಮಕಾಡೆ, ಅಂಗಾತ. ಒಮ್ಮೊಮ್ಮೆ ಹೇಳದೆ ಕೇಳದೆ ಭುಜ ತಟ್ಟಿ. ಯೋಚಿಸದೆ ಹೊರಳಿದರೆ ಪಾಠ ಮುಗಿಯಿತು.

ಎರಡನೆಯದು ಕೈಯ ಮಾತು. ಕೊಳವೆ ಬಾಯಲ್ಲಿರುವಾಗ “ಸಾಕು” ಅನ್ನುವುದೂ “ಊ”, “ಅಲ್ನೋಡಮ್ಮ” ಅನ್ನುವುದೂ “ಊ”. ಆದ್ದರಿಂದ ನಾವು ಮಾಡಿಕೊಂಡದ್ದು ಹೀಗೆ. ನಾನು ಕೈಯನ್ನು ಒಮ್ಮೆ ಅದುಮಿದರೆ ‘ಹೇಗಿದೀಯ?’. ಅವರು ಎರಡು ಸಲ ಅದುಮಿದರೆ ‘ಚೆನ್ನಾಗಿದೀನಿ’. ಉತ್ತರ ಬರದಿದ್ದರೆ ಕೂಡಲೇ ತಲೆ ಎತ್ತಿಸುತ್ತೇನೆ. ನನ್ನ ತೋಳಿನ ಮೇಲೆ ಪಟಪಟ ತಟ್ಟಿದರೆ ‘ಸಾಕು’. ‘ಸಾಕು’ ಅಂದರೆ ದಡ. ಯಾಕೆ ಅಂತ ಕೇಳುವಂತಿಲ್ಲ, ಇನ್ನೈದು ನಿಮಿಷ ಅನ್ನುವಂತಿಲ್ಲ, “ಇಷ್ಟು ದುಡ್ಡು ಕೊಟ್ಟು ಬಂದಿದೀವಿ” ಅಂತೂ ಅನ್ನಲೇಬಾರದು. ತಾನು ಸಾಕು ಅಂದರೆ ಅಮ್ಮ ನಿಲ್ಲಿಸುತ್ತಾಳೆ ಅಂತ ಗೊತ್ತಾದ ಮೇಲೆಯೇ ನನ್ನ ಮಗಳು ಮತ್ತೆ ನೀರಿಗೆ ಮುಖ ಇಟ್ಟಳು.

ಅಪ್ಪ ಅಮ್ಮನಿಗೆ ಈಜು ಬಾರದಿದ್ದರೆ ಈ ಎರಡು ತಿಂಗಳಲ್ಲಿ ನೀವೂ ಕಲಿಯಿರಿ. ನಮ್ಮ ಮನೆಯವರು ಮೂವತ್ತೆಂಟಕ್ಕೆ ಕಲಿತರು. ಆಗಲಿಲ್ಲ ಅಂದರೆ ಜಾಕೆಟ್ ಹಾಕಿಕೊಂಡು, ನಿಮ್ಮ ಎದೆಮಟ್ಟದ ನೀರು ದಾಟದೆ ಮಗುವಿನ ಜೊತೆ ನಿಲ್ಲಿ.

ದಾರಿ ಮತ್ತು ದೋಣಿ

ಶಿರಾಡಿಯಲ್ಲಿ ವಾಂತಿ ಮಾಡುವ ಮಗು ದೋಣಿಯಲ್ಲೂ ಮಾಡುತ್ತದೆ. ದೋಣಿಯ ಮುಂಭಾಗದಲ್ಲಿ ಕುಲುಕಾಟ ಜಾಸ್ತಿ, ಮಧ್ಯದಲ್ಲಿ ಅಥವಾ ಹಿಂದೆ ಕೂರಿಸಿ. ದೂರದಲ್ಲಿ ಕಡಲು ಆಕಾಶ ಸೇರುವ ಗೆರೆ ನೋಡಲಿ, ಫೋನ್ ಬೇಡ. ಬೆಳಿಗ್ಗೆ ಎರಡು ಇಡ್ಲಿ ಸಾಕು. ವಾಂತಿ ತಡೆಯುವ ಮಾತ್ರೆಯನ್ನು ಡಾಕ್ಟರ್ ಹೇಳಿದರೆ ಮಾತ್ರ ಕೊಡಿ. ಕೆಲವು ಮಾತ್ರೆಗಳಿಂದ ನಿದ್ದೆ ಬರುತ್ತದೆ, ತೂಕಡಿಸುವ ಮಗುವನ್ನು ನೀರಿಗೆ ಇಳಿಸುವಂತಿಲ್ಲ.

ದೋಣಿಯವರನ್ನು ದುಡ್ಡು ಕೊಡುವ ಮುಂಚೆ ಕೇಳಬೇಕಾದ್ದಿದೆ. ಮಕ್ಕಳ ಜಾಕೆಟ್ ಇದೆಯಾ, ತೋರಿಸಿ. ನೀರಿನಿಂದ ಹತ್ತಲು ಏಣಿ ಇದೆಯಾ? ಒಬ್ಬ ಗೈಡ್ ಎಷ್ಟು ಜನರನ್ನು ನೋಡಿಕೊಳ್ಳುತ್ತಾರೆ? ಮಗುವಿನ ಜೊತೆ ನಾನೂ ಇಳಿಯಬಹುದಾ? “ನೀವು ಇಲ್ಲೇ ಇರಿ, ನಾವು ಕರೆದುಕೊಂಡು ಹೋಗಿ ಬರ್ತೀವಿ” ಅಂದರೆ ಬೇಡ ಅಂತ ಹೇಳಿ ಎದ್ದು ಬನ್ನಿ.

ಕಡಲಿನ ಮೊದಲ ದಿನ

ಮೊದಲ ದಿನ ಹವಳದ ಹತ್ತಿರ ಹೋಗಬೇಡಿ. ಮರಳಿನ ತಳವಿರುವ, ಮೊಣಕಾಲುದ್ದದ ನೀರಿನಲ್ಲಿ ಬಚ್ಚಲಿನ ಪಾಠವನ್ನೇ ಮತ್ತೆ ಮಾಡಿಸಿ. ಉಪ್ಪಿನ ರುಚಿಗೆ ಒಗ್ಗಲು ಮಕ್ಕಳಿಗೆ ಅರ್ಧ ದಿನ ಬೇಕು.

ಎರಡನೇ ದಿನ ಇಳಿಯುವ ಮುಂಚೆ ದಡದಲ್ಲಿ ಹತ್ತು ನಿಮಿಷ ನಿಂತು ನೀರು ನೋಡಿ. ಸೆಳೆತ ಯಾವ ಕಡೆಗಿದೆ, ಉಬ್ಬರ ಎಷ್ಟು ಹೊತ್ತಿಗೆ ಅಂತ ಅಲ್ಲಿಯವರನ್ನು ಕೇಳಿ. ಉಬ್ಬರದಲ್ಲಿ ಹವಳದ ಮೇಲೆ ನೀರು ಹೆಚ್ಚಿರುತ್ತದೆ, ಮಗುವಿನ ಮಂಡಿ ತರಚುವುದಿಲ್ಲ. ಇಳಿತದಲ್ಲಿ ಹವಳ ಹೊಟ್ಟೆಗೇ ತಾಗುತ್ತದೆ.

ಬಿಸಿಲು ಬೀಳುವುದು ಬೆನ್ನಿಗೆ. ತೋಳು ಪೂರ್ತಿ ಮುಚ್ಚುವ ಈಜಿನ ಅಂಗಿ ಹಾಕಿಸಿ. ಸನ್‌ಸ್ಕ್ರೀನನ್ನು ಕುತ್ತಿಗೆಯ ಹಿಂದೆ, ಮೀನಖಂಡಕ್ಕೆ, ಮೊಣಕಾಲಿನ ಹಿಂಭಾಗಕ್ಕೆ ಮರೆಯದೆ ಹಚ್ಚಿ. ಜಿಂಕ್ ಆಕ್ಸೈಡ್ ಇರುವುದನ್ನು ಆರಿಸಿ, ಹವಳಕ್ಕೂ ತೊಂದರೆ ಕಡಿಮೆ. ಹೆಂಗಸರು ಚೂಡಿದಾರ, ದುಪಟ್ಟಾ ಹಾಕಿಕೊಂಡು ಮಗುವನ್ನು ಹಿಡಿಯಲು ಇಳಿಯಬೇಡಿ. ನೆನೆದ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ಒಂದು ಮಗುವಿಗೆ ಒಬ್ಬ ದೊಡ್ಡವರು. ಇಬ್ಬರು ಮಕ್ಕಳಿದ್ದು ಇಳಿಯುವವರು ಒಬ್ಬರೇ ಆದರೆ ಸರದಿ. ಕೈ ಹಿಡಿದವರ ಬಳಿ ಕ್ಯಾಮೆರಾ ಇರಬಾರದು. ನಮ್ಮ ಅತ್ತೆ ದಡದಲ್ಲಿ ಕೂತು ತಲೆ ಎಣಿಸುತ್ತಿರುತ್ತಾರೆ, ಎಲ್ಲರ ಚಪ್ಪಲಿ ಅವರ ಮುಂದೆ ಇರುತ್ತದೆ. ಯಾರು ಇನ್ನೂ ನೀರಲ್ಲಿದ್ದಾರೆ ಅಂತ ಚಪ್ಪಲಿಯ ಜೊತೆ ನೋಡಿ ಹೇಳುತ್ತಾರೆ.

ಹದಿನೈದು ನಿಮಿಷಕ್ಕೆ ಹೊರಗೆ ಬನ್ನಿ. ನೀರು ಬೆಚ್ಚಗಿದೆ ಅನ್ನಿಸಿದರೂ ಅದು ಮೈಗಿಂತ ತಣ್ಣಗೇ ಇರುತ್ತದೆ. ಗಾಳಿಗಿಂತ ನೀರು ಮೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ತುಟಿ ನೀಲಿಯಾಗುವುದು, ಹಲ್ಲು ಕಟಕಟ ಅನ್ನುವುದು ಎಲ್ಲರಿಗೂ ಗೊತ್ತಾಗುತ್ತದೆ. ಮಾತಾಡುವ ಮಗು ಇದ್ದಕ್ಕಿದ್ದ ಹಾಗೆ ಸುಮ್ಮನಾಗುವುದೂ ಚಳಿಯ ಗುರುತು. ಒರೆಸಿ, ಒಣ ಬಟ್ಟೆ ಸುತ್ತಿ, ಫ್ಲಾಸ್ಕಿನಿಂದ ಬಿಸಿ ಜೀರಿಗೆ ಕಷಾಯ ಕೊಡಿ. ಇನ್ನೊಮ್ಮೆ ಹೋಗಬೇಕು ಅಂದರೆ ಅರ್ಧ ಗಂಟೆ ಕಳೆಯಲಿ.

ನೀರೊಳಗೆ ಏನು ತೋರಿಸಬೇಕು

ಸುಮ್ನೆ ಈಜಿಕೊಂಡು ಹೋಗಬೇಡಿ. ಒಂದೇ ಹವಳದ ಗುಂಡಿನ ಹತ್ತಿರ ಐದು ನಿಮಿಷ ತೇಲುತ್ತಾ ನಿಲ್ಲಿ. ಮೊದಲು ಓಡಿಹೋದ ಮೀನುಗಳು ಒಂದೊಂದಾಗಿ ವಾಪಸ್ ಬರುತ್ತವೆ. ಕಿವಿ ಕೊಟ್ಟರೆ ‘ಕಟ್, ಕಟ್’ ಅನ್ನುವ ಸದ್ದು ಕೇಳಿಸುತ್ತದೆ. ಅದು ಪ್ಯಾರಟ್ ಮೀನು, ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಹವಳ ಕಡಿಯುವ ಸದ್ದು. ನನ್ನ ಮಗ ತಲೆ ಎತ್ತಿ, ಕೊಳವೆ ಉಗಿದು, “ಅಮ್ಮಾ, ಮೀನು ಕೋಡುಬಳೆ ತಿಂತಿದೆ” ಅಂದ. ಹೀಗೆ ಕಡಿದ ಹವಳ ಅದರ ಹೊಟ್ಟೆಯಲ್ಲಿ ನುಣ್ಣಗಾಗಿ ಮರಳಾಗಿ ಹೊರಗೆ ಬರುತ್ತದೆ. ನೀವು ಕಾಲಿಟ್ಟ ಬಿಳಿ ಮರಳಿನಲ್ಲಿ ಅದೂ ಸೇರಿದೆ ಅಂತ ಹೇಳಿ, ಮಕ್ಕಳು ಆ ದಿನವಿಡೀ ಅದನ್ನೇ ಮಾತಾಡುತ್ತಾರೆ.

ಹವಳ ಕಲ್ಲಲ್ಲ, ಜೀವ. ಸಾವಿರಾರು ಪುಟ್ಟ ಪ್ರಾಣಿಗಳು ಸೇರಿ ಕಟ್ಟಿದ ಮನೆ. ಗುಂಡಗೆ ಬೆಳೆಯುವ ಕೆಲವು ಜಾತಿಗಳು ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಮಗು ಒಮ್ಮೆ ಕಾಲೂರಿ ಮುರಿದದ್ದು ಅದು ಮದುವೆಯಾಗುವ ಹೊತ್ತಿಗೂ ಮೊದಲಿನಂತೆ ಆಗಿರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳಕ್ಕೆ ಹುಲಿ, ಆನೆಗೆ ಇರುವಷ್ಟೇ ರಕ್ಷಣೆ ಇದೆ. ಒಂದು ಚೂರನ್ನೂ ಬ್ಯಾಗಿಗೆ ಹಾಕಬೇಡಿ. ಶಂಖ, ಚಿಪ್ಪನ್ನೂ ಮುಟ್ಟಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ: ಕೋನ್ ಆಕಾರದ, ಚಿತ್ತಾರದ ಶಂಖದೊಳಗಿನ ಹುಳು ವಿಷದ ಮುಳ್ಳು ಚುಚ್ಚುತ್ತದೆ. ನಮ್ಮ ಮನೆಯ ನಿಯಮ: ನೀರೊಳಗೆ ಒಂದು ಕೈ ಅಮ್ಮನ ಕೈಯಲ್ಲಿ, ಇನ್ನೊಂದು ಕೈ ಸ್ವಂತ ಹೊಟ್ಟೆಯ ಮೇಲೆ. ಮೀನಿಗೆ ಬ್ರೆಡ್, ಬಿಸ್ಕತ್ತು ಹಾಕುವವರು ಸಿಗುತ್ತಾರೆ, ಬೇಡ ಅನ್ನಿ.

ಏನಾದರೂ ಆದರೆ

ಜೆಲ್ಲಿಫಿಶ್ ತಾಗಿ ಉರಿಯಾದರೆ ತಕ್ಷಣ ದಡಕ್ಕೆ ಬನ್ನಿ. ಸಮುದ್ರದ ನೀರಿನಿಂದಲೇ ತೊಳೆಯಿರಿ. ಕುಡಿಯುವ ನೀರು ಹಾಕಬೇಡಿ, ಮರಳಿನಿಂದ ಉಜ್ಜಬೇಡಿ, ಉರಿ ಜಾಸ್ತಿಯಾಗುತ್ತದೆ. ಅಂಟಿಕೊಂಡ ಎಳೆಗಳನ್ನು ಚಿಮಟದಿಂದ ತೆಗೆದು, ಮಗು ತಡೆಯುವಷ್ಟು ಬಿಸಿಯಿರುವ ನೀರಿನಲ್ಲಿ ಇಪ್ಪತ್ತು ನಿಮಿಷ ಅದ್ದಿಡಿ. ಬಿಸಿಯನ್ನು ಮೊದಲು ನಿಮ್ಮ ಕೈಯಲ್ಲಿ ನೋಡಿ. ಮುಖ ಊದಿದರೆ, ಉಸಿರಾಟ ಕಷ್ಟವಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ತುರ್ತಿಗೆ 112. ಹವಳ ತರಚಿದ ಗಾಯ ಚಿಕ್ಕದಾದರೂ ಬೇಗ ಕೀವಾಗುತ್ತದೆ, ಸೋಪು ಹಾಕಿ ಚೆನ್ನಾಗಿ ತೊಳೆಯಿರಿ.

ಎಲ್ಲಕ್ಕಿಂತ ಹೆಚ್ಚಾಗಿ ನೆನಪಿಡಬೇಕಾದ್ದು: ನೀರು ಉಸಿರಿಗೆ ಸಿಕ್ಕಿ ಜೋರಾಗಿ ಕೆಮ್ಮಿದ ಮಗುವನ್ನು ಅವತ್ತು ರಾತ್ರಿಯ ತನಕ ಗಮನಿಸಿ. ಕೆಮ್ಮು ನಿಲ್ಲದಿದ್ದರೆ, ಉಸಿರು ಜೋರಾಗಿ ಏರಿಳಿದರೆ, ಹೊತ್ತಲ್ಲದ ಹೊತ್ತಿನಲ್ಲಿ ಮಂಕಾಗಿ ಮಲಗಿದರೆ ಬೆಳಗಾಗಲಿ ಅಂತ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಕಿವಿಗೆ ನೀರು ಹೋದರೆ ತಲೆ ಓರೆ ಮಾಡಿ ಇಳಿಸಿ, ಕಡ್ಡಿ ಹಾಕಬೇಡಿ.

ವಾಪಸ್ ಬಂದ ಮೇಲೆ

ಮಾಸ್ಕ್, ಕೊಳವೆ, ಜಾಕೆಟ್ ಮೂರನ್ನೂ ಒಂದು ಗಂಟೆ ಸಿಹಿನೀರಿನಲ್ಲಿ ನೆನೆಸಿ ತೊಳೆಯಿರಿ. ಉಪ್ಪು ಉಳಿದರೆ ಸಿಲಿಕೋನ್ ಗಡುಸಾಗುತ್ತದೆ. ಬಿಸಿಲಿಗೆ ಹಾಕದೆ ನೆರಳಲ್ಲಿ ಒಣಗಿಸಿ. ಗಾಜು ಗೀರಾಗದ ಹಾಗೆ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಮಗುವಿನ ಮುಖ ಒಂದೆರಡು ವರ್ಷಕ್ಕೆ ಬದಲಾಗುತ್ತದೆ. ಮುಂದಿನ ರಜೆಗೆ ಹೊರಡುವ ಮುಂಚೆ ಪಟ್ಟಿ ಹಾಕದೆ, ಮೂಗಿನಿಂದ ಉಸಿರೆಳೆಸಿ, ಕೈ ಬಿಟ್ಟು ಮತ್ತೊಮ್ಮೆ ನೋಡಿ. ಮಗಳ ಮೊದಲ ಮಾಸ್ಕ್ ಅವಳಿಗೆ ಚಿಕ್ಕದಾಗಿ, ತಮ್ಮನ ಹಣೆಗೂ ಕೂರದೆ, ಈಗ ಎದುರು ಮನೆಯ ಐದು ವರ್ಷದ ಹುಡುಗಿಯ ಬಚ್ಚಲಿನಲ್ಲಿದೆ. ನಿನ್ನೆ ಆರು ಉಸಿರು ಎಣಿಸಿದಳಂತೆ.